ಮಾರಿಕಣಿವೆಯ ಮಂಟಪಕ್ಕೆ ಹೊರಟಿದ್ದವರು

“ಮಂಟಪದವರ್ಗೂ ಮೆಟ್ಲು ಜಾಸ್ತಿ ಅಂತಾರೆ, ನನ್ ಕೈಲಾಗ್ತದಾ?” ಎಂದು ಪಕ್ಕದ ಮಂಚದ ಗೌರಮ್ಮ ಕೇಳಿದರು. “ನಾನೇ ಎತ್ಕಂಡು ಹತ್ತೀನಿ ಬುಡು” ಎಂದು ಗಂಡ ಸಿದ್ದಪ್ಪ ನಕ್ಕರು.

ಅದು ಎಂಬತ್ತರ ದಶಕ. ತಿಪಟೂರಿನ ಆಸ್ಪತ್ರೆಯೊಂದರಲ್ಲಿ ನಾನು ಅಮ್ಮನನ್ನು ನೋಡಿಕೊಳ್ಳುತ್ತಿದ್ದೆ. ತುರುವೇಕೆರೆ ಕಡೆಯ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ಸಿದ್ದಪ್ಪನವರಿಗೆ, ಹೆಂಡತಿಯನ್ನು ಮಾರಿಕಣಿವೆ ಅಣೆಕಟ್ಟಿಗೆ ಕರೆದೊಯ್ದು ಗುಡ್ಡದ ಮಂಟಪದಿಂದ ಆ ವಿಶಾಲವಾದ ನೀರು ತೋರಿಸುವ ಆಸೆ. ಹುಳಿಯಾರಿನಲ್ಲಿ ಬಸ್ಸು ಬದಲಿಸುವುದು, ಬುತ್ತಿಗೆ ಪುಳಿಯೋಗರೆ ಕಟ್ಟಿಕೊಳ್ಳುವುದು, ಎಲ್ಲವನ್ನೂ ವಿವರಿಸುತ್ತಿದ್ದರು. ಸ್ವಲ್ಪ ಹೊತ್ತಿನ ಮೊದಲು ಇದೇ ಮನುಷ್ಯ ವರಾಂಡದ ಕಂಬ ಹಿಡಿದು ಅಳುತ್ತಿದ್ದುದನ್ನು ನಾನು ಕಂಡಿದ್ದೆ. ಆಕೆಗೆ ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಅವರೊಬ್ಬರಿಗೇ ಹೇಳಿದ್ದರು.

ಅವರು ಕಾಫಿ ತರಲು ಹೋದಾಗ ಗೌರಮ್ಮ ನನ್ನತ್ತ ತಿರುಗಿದರು. “ನಂಗೂ ಗೊತ್ತು ಕಣಕ್ಕ, ನರ್ಸಮ್ಮನ್ನ ಕೇಳ್ದೆ. ಅವ್ರಿಗೆ ಹೇಳ್ಬ್ಯಾಡ. ಈ ಮಾತಾಡ್ವಾಗ್ಲಾದ್ರೂ ಪಾಪ ನಗ್ತಾರೆ.” ಗಂಡ ಲೋಟ ಹಿಡಿದು ಬಂದ ಕೂಡಲೇ, “ಅಲ್ರೀ, ನೀಲಿ ಸೀರೆ ಉಟ್ಕಳ್ಲಾ?” ಎಂದು ಹುಡುಗಿಯಂತೆ ಕೇಳಿದರು. ನಾನು ಅಮ್ಮನ ಹೊದಿಕೆ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಮುಂದಿನ ವಾರವೇ ಗೌರಮ್ಮ ತೀರಿಕೊಂಡರು. ಬಟ್ಟೆಗಂಟು ಕಟ್ಟುತ್ತಿದ್ದ ಸಿದ್ದಪ್ಪ ತಲೆಯೆತ್ತಿ, “ಅವ್ಳಿಗೆ ಕೊನೇವರ್ಗೂ ಗೊತ್ತಾಗ್ಲಿಲ್ಲ ಅಲ್ವಾ ತಾಯಿ?” ಎಂದರು. “ಇಲ್ಲ” ಎಂದೆ.

ಅವರಿಗೆ ಸಮಾಧಾನವಾಯಿತು. ಆದರೆ ನನ್ನ ಆ ಒಂದು ಮಾತಿನಿಂದ, ಆಕೆ ಅವರಿಗಾಗಿ ಎಷ್ಟು ನುಂಗಿಕೊಂಡಿದ್ದರು ಎಂಬುದು ಅವರಿಗೆ ತಿಳಿಯದೇ ಹೋಯಿತು. ಆ ಸಂಕಟ ನನ್ನಲ್ಲಿ ಇಂದಿಗೂ ಉಳಿದಿದೆ.