ಮಲ್ಲೇಶ್ವರಿ ಹಿಂದಕ್ಕ ಕೊಟ್ಟ ಕಾರ್ಡುಗಳು

ಮಲ್ಲೇಶ್ವರಿ ಹುಟ್ಟಿದ್ದು ಕುಕನೂರಾಗ. ಅವರಪ್ಪ ದೇವೇಂದ್ರಪ್ಪಂದು ಬಸ್ ಸ್ಟ್ಯಾಂಡ್ ಹತ್ರ ಒಂದು ಸಣ್ಣ ಪ್ರೆಸ್ ಇತ್ತು. ಲಗ್ನಪತ್ರಿಕಿ, ಅಂಗಡಿ ಬಿಲ್ ಬುಕ್ಕು, ತೀರಿಹೋದವರ ದಿನದ ಕಾಗದ, ಇಂಥಾವ ಪ್ರಿಂಟ್ ಹಾಕತಿದ್ದ. ಏನ ಪ್ರಿಂಟ್ ಹಾಕಿದ್ರೂ ಕೆಳಗ ಮೂಲ್ಯಾಗ ಇರಿವಿ ಕಾಲಿನಷ್ಟ ಸಣ್ಣ ಅಕ್ಷರದಾಗ ಒಂದು ಸಾಲು ಇರತಿತ್ತು. ಮುದ್ರಣ: ಕಳಕೇಶ್ವರ ಪ್ರಿಂಟರ್ಸ್, ಕುಕನೂರು.

ಸಣ್ಣಾಕಿ ಇದ್ದಾಗ ಮಲ್ಲೇಶ್ವರಿ ಕೇಳಿದ್ಲು. "ಅಪ್ಪಾ, ಮದಿವಿ ಅವರ್ದು, ಕಾರ್ಡು ಅವರ್ದು. ಅದ್ರಾಗ ನಿನ್ನ ಹೆಸರ್ಯಾಕ?"

"ಕೈ ನಂದೈತಲ್ಲವಾ" ಅಂದ ದೇವೇಂದ್ರಪ್ಪ. "ದೊಡ್ಡದು ಬ್ಯಾಡ. ಹುಡುಕಿದವರಿಗೆ ಕಂಡ್ರ ಸಾಕು."

ಆಕಿ ನಕ್ಕಿದ್ಲು. ಇದೇನ ಅಪ್ಪನ ಹುಚ್ಚು ಅಂತ.

ಕೊಪ್ಪಳದಾಗ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ಲು. ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನ್ಯಾಗ ಕೆಲಸ ಸಿಕ್ತು. ಹದಿನಾಲ್ಕು ಮಂದಿ ಇದ್ರು ಅಲ್ಲಿ. ಅಲ್ಲೇ ಆಕಿ ಎಜೈಲ್ ಕಲ್ತಿದ್ದು. ಎಜೈಲ್ ಅಂದ್ರ ಏನಂತ ಯಾರರ ಕೇಳಿದ್ರ ಹಿಂಗ ಹೇಳ್ತಿದ್ಲು: "ಎರಡು ವರ್ಷ ಬಾಗಲಾ ಹಾಕ್ಕೊಂಡು ಪ್ರೋಗ್ರಾಮ್ ಬರದು ಕಡೀಗೆ ತೋರಸೂದಲ್ಲ. ಹದಿನೈದು ದಿನಕ್ಕ ಒಂಚೂರು ಮಾಡಬೇಕು, ಬಳಸಾವ್ರ ಕೈಗೆ ಕೊಡಬೇಕು, ಅವರು ಬೈಬೇಕು, ನಾವು ತಿದ್ದಬೇಕು. ದಿನಾ ಮುಂಜಾನೆ ಎಲ್ಲಾರೂ ನಿಂತು ಹತ್ತು ನಿಮಿಷ ಮಾತಾಡಬೇಕು. ಕುಂತ್ರ ಮಾತು ಉದ್ದ ಆಕ್ಕೈತಿ, ಅದಕ್ಕ ನಿಂತು."

ಅಲ್ಲಿ ಇನ್ನೊಂದು ರೀತಿ ಇತ್ತು. ಬರದ ಪ್ರೋಗ್ರಾಮು ಒಬ್ಬರ್ದಲ್ಲ, ಎಲ್ಲಾರ್ದೂ. ಯಾರೂ ತಮ್ಮ ಹೆಸರು ಹಾಕಂಗಿಲ್ಲ. ಆಕಿಗೆ ಇದು ಭಾಳ ಸೇರಿತು. ನಾಕು ವರ್ಷಕ್ಕ ಆ ಕಂಪನಿ ಮುಚ್ಚಿತು. ಕಂಪನಿ ಹೋತು, ರೀತಿ ಆಕಿ ಹತ್ರ ಉಳೀತು.

ಆಮ್ಯಾಲೆ ಗಂಗಾವತಿ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನ್ಯಾಗ ಲ್ಯಾಬ್ ಇನ್‌ಸ್ಟ್ರಕ್ಟರ್ ಅಂತ ಸೇರಿದ್ಲು. ಕಂಪ್ಯೂಟರ್ ಚಾಲೂ ಮಾಡೂದು, ಹುಡುಗರಿಗೆ ತೋರಸೂದು, ರೆಕಾರ್ಡ್ ಬುಕ್ಕಿಗೆ ಸಹಿ ಹಾಕೂದು. ಖಾಯಂ ಅಲ್ಲ. ಪ್ರತಿ ಜುಲೈಗೆ ಹೊಸಾ ಆರ್ಡರ್ ಕೊಡತಿದ್ರು.

ಒಂದಿನ ಪರೀಕ್ಷಾ ವಿಭಾಗದ ಕ್ಲರ್ಕ್ ಯಮನೂರಸಾಬ ಲ್ಯಾಬಿಗೆ ಬಂದು ತಲಿ ಹಿಡಕೊಂಡು ಕುಂತ.

"ಅಕ್ಕಾರ, ಹಾಲ್ ಟಿಕೆಟ್ಟಿನ್ಯಾಗ ಹುಡುಗ್ಯಾರ ಹೆಸರಿಗೆ ಗಡ್ಡದ ಫೋಟೋ ಬರಾಕತ್ಯಾವ್ರಿ. ಒಬ್ಬಾಕಿ ಅವರಪ್ಪನ್ನ ಕರಕೊಂಡು ಬಂದಾಳ. ಅವ ನನ್ನ ನೋಡೂ ನೋಟಾ ನೀವು ನೋಡಬೇಕಿತ್ತು."

ಮಲ್ಲೇಶ್ವರಿ ನಕ್ಕು ಒಂದು ಕಾರ್ಡು ಕೊಟ್ಲು. "ಏನಾಗಬೇಕು ಅನ್ನೂದನ್ನ ನಿಮ್ಮ ಮಾತಿನ್ಯಾಗ, ನಿಮ್ಮ ಕೈಯಿಲೆ ಬರೀರಿ."

ಯಮನೂರಸಾಬ ಬರದ: "ಹುಡುಗಿಗೆ ಹುಡುಗಿ ಮಾರಿ ಬರಬೇಕು." ಕೆಳಗ ತನ್ನ ಹೆಸರು ಹಾಕಿದ.

ಹುಬ್ಬಳ್ಯಾಗ ಇಂಥದಕ್ಕ ಅಂಟಿಸೋ ಹಳದಿ ಚೀಟಿ ಇದ್ವು. ಗಂಗಾವತಿ ಬಿಸಲಾಗ, ಫ್ಯಾನಿನ ಗಾಳ್ಯಾಗ ಅವು ಒಂದೂ ಗ್ವಾಡಿಗೆ ನಿಲ್ಲಲಿಲ್ಲ. ಅದಕ್ಕ ಅಪ್ಪನ ಪ್ರೆಸ್ಸಿನ್ಯಾಗ ಕೆಟ್ಟ ಲಗ್ನಪತ್ರಿಕಿ ತಂದಿದ್ಲು. ತಾರೀಖು ತಪ್ಪಿದ್ದು, ಬಣ್ಣ ಹರಡಿದ್ದು, ಚೀಲಗಟ್ಲೆ ಬಿದ್ದಿದ್ವು. ಹಿಂದಿನ ಮಗ್ಗಲು ಖಾಲಿ. ಲ್ಯಾಬಿನ ಗ್ವಾಡಿಗೆ ಸುತಳಿ ಕಟ್ಟಿ, ಅರಿವಿ ಒಣಹಾಕೋ ಕ್ಲಿಪ್ಪಿಲೆ ಕಾರ್ಡು ಜೋತುಬಿಟ್ಲು. ಎಡಕ್ಕ ಆಗಬೇಕಾದ್ದು. ನಡುವ ನಡದಿದ್ದು. ಮುಗದ ಮ್ಯಾಲೆ ಬಲಕ್ಕ ಹಾಕತಿರ್ಲಿಲ್ಲ. ಆ ಕಾರ್ಡನ್ನ ಬರದವರ ಕೈಗೆ ಹಿಂದಕ್ಕ ಕೊಡತಿದ್ಲು. "ತಗೋರಿ, ನಿಮ್ಮ ಕೆಲಸ ಆತು." ಇದು ಹುಬ್ಬಳ್ಳಿದಲ್ಲ, ಆಕಿದ ಸ್ವಂತ ರೀತಿ. ಕಾರ್ಡು ಕೈಗೆ ಬಂದಾಗ ಮಂದಿ ಮಾರಿ ಅರಳ್ತಿತ್ತು. ಅದನ್ನ ನೋಡಾಕ ಆಕಿ ಕೆಲಸ ಮಾಡತಿದ್ಲು ಅಂದ್ರೂ ನಡೀತೈತಿ.

ಹಾಲ್ ಟಿಕೆಟ್ ಆತು. ಹಾಜರಿ ಆತು. ಗ್ರಂಥಾಲಯದ ವಿರೂಪಾಕ್ಷಮ್ಮ ಬಂದು "ಪುಸ್ತಕ ಒಯ್ದು ಮನಿ ಆಸ್ತಿ ಹಂಗ ಇಟ್ಕೊಂಡವರ ಪಟ್ಟಿ ಬೇಕು" ಅಂತ ಬರದ್ಲು. ಅದೂ ಆತು. ಮುಂಜಾನೆ ಒಂಬತ್ತುವರಿಗೆ ಎಲ್ಲಾರೂ ಲ್ಯಾಬಿನ್ಯಾಗ ನಿಂತು ಮಾತಾಡತಿದ್ರು. ಐದಾರು ವರ್ಷದಾಗ ಇಡೀ ಕಾಲೇಜು ಆ ಪ್ರೋಗ್ರಾಮಿನ ಮ್ಯಾಲೆ ನಡಿಯಾಕತ್ತಿತು. ಕಾಲೇಜಿನ ಸರ್ವರ್‌ಗೆ ಒಂದ ಲಾಗಿನ್ ಇತ್ತು, 'ಲ್ಯಾಬ್' ಅಂತ. ಆಕಿ ಮಾಡಿದ ಎಲ್ಲಾ ಕೆಲಸ ಆ ಹೆಸರಿನ ಮ್ಯಾಲೆ ಕುಂತಿತ್ತು.

ಎಲ್ಲಾರಿಗಿಂತ ಹೆಚ್ಚು ಕಾರ್ಡು ಬರದವ್ರು ಹಾಲೇಶ ಸರ್. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಕ್ಲಾಸಿನ್ಯಾಗ ಎಜೈಲ್ ಪಾಠಾನೂ ಅವರ ಮಾಡತಿದ್ರು, ಪುಸ್ತಕ ನೋಡಿ. ಪರೀಕ್ಷೆಗೆ ಐದು ಮಾರ್ಕ್ಸಿನ ಪ್ರಶ್ನೆ ಅದು. ಬಾಜೂ ಲ್ಯಾಬಿನ್ಯಾಗ ಅದು ದಿನಾ ನಡಿಯೂದನ್ನ ನೋಡಿ ಅವರಿಗೆ ಹುರುಪು ಬಂತು. ವಾರಕ್ಕ ಎರಡು ಕಾರ್ಡು, ಮೂರು ಕಾರ್ಡು. ಇದು ಬದಲಿ ಆಗಲಿ, ಅದು ಸೇರಲಿ. ಮಲ್ಲೇಶ್ವರಿ ಮಾಡೇ ಮಾಡಿದ್ಲು, ಕಾರ್ಡು ಕೊಟ್ಟೇ ಕೊಟ್ಲು. ಸರ್ ಅವನ್ನ ಒಂದು ಫೈಲಿನ್ಯಾಗ ಜೋಡಿಸಿ ಇಡತಿದ್ರು. ನನ್ನ ಕಾರ್ಡನ್ನ ಇಷ್ಟು ಜ್ವಾಕಿ ಮಾಡೂ ಮನಶ್ಯಾ ಇವರೊಬ್ಬರ ಅಂತ ಆಕಿಗೆ ಸಂತೋಷ ಆಗತಿತ್ತು.

ಹೋದ ವರ್ಷ ಹಾಲೇಶ ಸರ್ ಹೊಸಾ ಕಾರ್ಡು ತಂದ್ರು. "ಥೀಸಿಸ್ ಪುಟದ ಅಂಚು ಸರಿ ಮಾಡೂದು." ಅವರದು ಪಿಎಚ್‌ಡಿ ನಡದಿತ್ತು. ಏನ್ ವಿಷಯ ಅಂತ ಆಕಿ ಕೇಳಿರ್ಲಿಲ್ಲ. ಫೈಲ್ ತಗದು ಅಂಚು ಸರಿ ಮಾಡಕೋತ ಹೊಂಟ್ಲು. ಮೂರನೇ ಅಧ್ಯಾಯಕ್ಕ ಬಂದಾಗ ಕೈ ನಿಂತಿತು.

ಸುತಳಿ ಇತ್ತು. ಕ್ಲಿಪ್ಪು ಇದ್ವು. ನೂರಾ ಎಂಬತ್ತು ಕಾರ್ಡಿನ ಫೋಟೋ ಇದ್ವು. ಸಣ್ಣ ಊರಿನ ಕಾಲೇಜಿನ್ಯಾಗ ಎಜೈಲ್ ಹೆಂಗ ನಡಸಬೇಕು ಅನ್ನೂದನ್ನ ತಾವು ಹೊಸದಾಗಿ ಕಂಡುಹಿಡದ ವಿಧಾನ ಅಂತ ಸರ್ ಬರದಿದ್ರು. ಪ್ರೋಗ್ರಾಮೂ 'ಸಂಶೋಧಕರೇ ರೂಪಿಸಿದ್ದು' ಅಂತ ಇತ್ತು. ಕಾರ್ಡು ಹಿಂದಕ್ಕ ಕೊಡೋ ರೀತಿಗೆ ಒಂದು ದೊಡ್ಡ ಇಂಗ್ಲಿಷ್ ಹೆಸರು ಇಟ್ಟಿದ್ರು.

ಆಕಿ ಅಂಚು ಪೂರಾ ಸರಿ ಮಾಡಿದ್ಲು. ಆಮ್ಯಾಲೆ ಸರ್ ರೂಮಿಗೆ ಹೋದ್ಲು.

"ಸರ್, ಇದ್ರಾಗ ನನ್ನ ಹೆಸರು ಇಲ್ರಿ."

"ಐತಲ್ಲಮ್ಮ. ಕೃತಜ್ಞತೆ ಪುಟದಾಗ ನೋಡು. 'ಲ್ಯಾಬ್ ಸಿಬ್ಬಂದಿ' ಅಂತ."

"ಕಟ್ಟಿದ್ದು ನಾನಲ್ರಿ ಸರ್?"

ಹಾಲೇಶ ಸರ್ ಕುರ್ಚಿಗೆ ಒರಗಿ ನಕ್ರು. ಸಿಟ್ಟಿನ ನಗಿ ಅಲ್ಲ, ಸಣ್ಣ ಹುಡುಗರಿಗೆ ತಿಳಿಹೇಳೂ ಮುಂದ ಬರ್ತೈತಲ್ಲ, ಅಂಥಾದ್ದು. "ಎಷ್ಟು ವರ್ಷದಿಂದ ನೀನ ಹೇಳಾಕತ್ತಿ, ಎಜೈಲಿನ್ಯಾಗ ಯಾರ ಹೆಸರೂ ಇಲ್ಲ, ಎಲ್ಲಾರ ಕೆಲಸ ಅಂತ. ಕಾರ್ಡಿನ ಮ್ಯಾಲೆ ಬರದಾವ ನಾನು. ಏನಾಗಬೇಕು ಅಂತ ವಿಚಾರ ಮಾಡಿದಾವ ನಾನು. ನೀನು ಟೈಪ್ ಮಾಡೀದಿ. ಹೌದಿಲ್ಲೋ?"

ಆಕಿ ಲ್ಯಾಬಿಗೆ ಹೊಳ್ಳಿ ಬಂದ್ಲು. ಮಾತು ಆಕಿದ ಇತ್ತಲ್ಲ.

ಸುಮ್ಮನ ಇರತಿದ್ಲೇನೋ. ಆದ್ರ ಆರು ತಿಂಗಳಿಗೆ ಕಾಲೇಜಿನ್ಯಾಗ ಖಾಯಂ ಪ್ರೋಗ್ರಾಮರ್ ಹುದ್ದೆ ಕರದ್ರು. ಒಂದ ಹುದ್ದೆ. ಡಿಪ್ಲೊಮಾದವರೂ ಹಾಕಬಹುದು, ಆದ್ರ ಒಂದು ಪೂರಾ ಪ್ರೋಗ್ರಾಮ್ ತಾವ ಕಟ್ಟಿದ್ದಕ್ಕ ಪುರಾವೆ ತೋರಸಬೇಕು. ಜುಲೈ ಆರ್ಡರಿಗೆ ಕಾಯೂದು ತಪ್ಪತಿತ್ತು. ಹನ್ನೊಂದು ವರ್ಷದ ಕೆಲಸಕ್ಕ ಒಂದು ಹೆಸರು ಬರತಿತ್ತು. ಆಕಿ ಅರ್ಜಿ ಹಾಕಿದ್ಲು.

ಪುರಾವೆ ಅಂದ್ರ ಕಾರ್ಡು. ಹುಡುಕಿಕೊಂಡು ಹೊಂಟ್ಲು.

ವಿರೂಪಾಕ್ಷಮ್ಮ ಹಣಿ ಬಡಕೊಂಡ್ಲು. "ಅಯ್ಯ ನನ ತಂಗಿ, ಗಟ್ಟಿ ಕಾಗದ ಅಂತ ಪುಸ್ತಕದಾಗ ಗುರುತಿಗೆ ಇಟ್ಟೀನಿ. ಪುಸ್ತಕ ಎಲ್ಲಾ ಹುಡುಗರು ಒಯ್ದಾರ. ಅವು ಯಾವಾಗ ಬರ್ತಾವು ಅನ್ನೂದು ನಿನ್ನ ಪಟ್ಟಿನ ಹೇಳ್ತೈತಿ, ಬರೂದಿಲ್ಲ ಅಂತ."

ಯಮನೂರಸಾಬನ್ನ ಕೇಳಿದ್ಲು. ಅವ ಬಗ್ಗಿ ತನ್ನ ಟೇಬಲ್ ಕೆಳಗ ಕೈ ಹಾಕಿದ. ಅಳ್ಳಾಡೋ ಕಾಲಿಗೆ ಮಡಚಿ ಕೊಟ್ಟಿದ್ದ ಕಾರ್ಡು ಎಳದು ತಗದ. ಧೂಳು ಒರಿಸಿ ನೋಡಿದ್ರ, ಮೊದಲನೇದು. ಹುಡುಗಿಗೆ ಹುಡುಗಿ ಮಾರಿ ಬರಬೇಕು.

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ" ಅಂದ. "ಆದ್ರ ಕಳದಿಲ್ಲ ನೋಡ್ರಿ. ನಾನೂ ಬರ್ತೀನಿ ಸಂದರ್ಶನಕ್ಕ. ಬಾಗಲದಾಗ ನಿಂತಿರ್ತೀನಿ. ಕರದ್ರ ಖುದ್ದ ಹೇಳ್ತೀನಿ, ಎಲ್ಲಾ ಇವರ ಮಾಡ್ಯಾರ ಅಂತ."

ಸಂದರ್ಶನದಾಗ ಮೂರು ಮಂದಿ ಕುಂತಿದ್ರು. ಪ್ರಿನ್ಸಿಪಾಲರು, ಹೊರಗಿನಿಂದ ಬಂದ ಒಬ್ಬ ಕನ್ನಡಕದ ಪ್ರೊಫೆಸರ್, ಹಾಲೇಶ ಸರ್. ಟೇಬಲ್ ಮ್ಯಾಲೆ ಕೆಂಪು ರಟ್ಟಿನ ಥೀಸಿಸ್ ಇತ್ತು. ಆಕಿನ ಅಂಚು ಸರಿ ಮಾಡಿದ್ದು.

ಮಲ್ಲೇಶ್ವರಿ ಪ್ರೋಗ್ರಾಮು ತಗದು ತೋರಿಸಿದ್ಲು. ಯಾವುದು ಎಲ್ಲಿ ಐತಿ, ಯಾಕ ಹಂಗೈತಿ, ಎಲ್ಲಾ ಹೇಳಿದ್ಲು. ಪ್ರೊಫೆಸರ್ ಗೋಣು ಹಾಕಿದ್ರು.

"ಛಲೋ ಐತಮ್ಮ. ಆದ್ರ ಇದು ಹಾಲೇಶ ಅವರ ಸಂಶೋಧನೆ. ಪದವಿನೂ ಬಂದೈತಿ. ಇದನ್ನ ನೀವ ಮಾಡೀರಿ ಅನ್ನೂದಕ್ಕ ಪ್ರೋಗ್ರಾಮಿನ್ಯಾಗ ಎಲ್ಲರ ನಿಮ್ಮ ಹೆಸರು ಐತೇನು?"

"ಇಲ್ರಿ."

"ಲಾಗಿನ್?"

"ಲ್ಯಾಬಿನ್ದು. ಎಲ್ಲಾರ್ದೂ ಒಂದ ಇತ್ರಿ."

ಹಾಲೇಶ ಸರ್ ಕಿಡಕಿ ಹೊರಗ ನೋಡಾಕತ್ತಿದ್ರು.

ಆಕಿ ಚೀಲದಾಗಿಂದ ಕಾರ್ಡು ತಗದು ಇಟ್ಲು. ನಾಕು ಮಡಿಕಿ ಬಿದ್ದಿತ್ತು, ಟೇಬಲ್ ಕಾಲಿನ ಗುರುತು ಇತ್ತು. "ಈ ಕೆಲಸ ಇಲ್ಲಿಂದ ಚಾಲೂ ಆಗಿದ್ದು ಸರ್. ಹಾಲೇಶ ಸರ್ ಆವಾಗ ಲ್ಯಾಬಿಗೆ ಕಾಲೂ ಇಟ್ಟಿರ್ಲಿಲ್ಲ. ಕಾರ್ಡು ನಮ್ಮ ಮನಿವು. ಹಿಂದ ನೋಡ್ರಿ, ನಮ್ಮಪ್ಪನ ಪ್ರೆಸ್ಸಿನ ಹೆಸರು ಐತಿ. ಥೀಸಿಸಿನ್ಯಾಗಿನ ಎಲ್ಲಾ ಕಾರ್ಡಿನ ಹಿಂದನೂ ಇರ್ತೈತಿ. ಅವನ್ನ ಒಂದ ಮಗ್ಗಲ ಫೋಟೋ ಹೊಡದಾರ."

ಪ್ರೊಫೆಸರ್ ಕಾರ್ಡು ತಿರುವಿದ್ರು. ಯಾರದೋ ಹಳೇ ಲಗ್ನ, ವರನ ಹೆಸರಿನ ಮ್ಯಾಲೆ ಬಣ್ಣ ಹರಡಿತ್ತು. ಕನ್ನಡಕ ಏರಿಸಿ ಕೆಳಗಿನ ಸಾಲು ಓದಿದ್ರು. ತಿರುಗಿ ಮುಂದಿನ ಮಗ್ಗಲು ಓದಿದ್ರು.

"ಪ್ರಿಂಟ್ ಹಾಕಿದಾವ ನಿಮ್ಮಪ್ಪ, ಒಪ್ಪಿದೆ. ಬರದಾವ ಯಾರೋ ಯಮನೂರಸಾಬ, ಅದನ್ನೂ ಒಪ್ಪಿದೆ." ಅವರಿಗೆ ಆಕಿ ಮ್ಯಾಲೆ ಸಿಟ್ಟಿರ್ಲಿಲ್ಲ. ಮೆಲ್ಲಕ ಕೇಳಿದ್ರು. "ಇದ್ರಾಗ ನೀವೆಲ್ಲಿ ಅದೀರಮ್ಮ?"

"ಬಾಗಲದಾಗ ಯಮನೂರಸಾಬ ಅದಾರ್ರಿ. ಕೇಳ್ರಿ ಬೇಕಾದ್ರ."

"ಕ್ಲರ್ಕ್ ಬಂದು ಪ್ರೋಗ್ರಾಮ್ ಯಾರ್ದಂತ ಹೇಳೂದು ಚಂದ ಕಾಣಂಗಿಲ್ಲ" ಅಂದ್ರು ಪ್ರಿನ್ಸಿಪಾಲರು.

ಹೊರಗ ಬಂದಾಗ ಯಮನೂರಸಾಬ ಹೊಸಾ ಅಂಗಿ ಹಾಕ್ಕೊಂಡು ನಿಂತಿದ್ದ. ಆಕಿ ಮಾರಿ ನೋಡಿದ. "ಚಾ ಕುಡ್ಯೂಣ ಬರ್ರಿ" ಅಂದ, ಅಷ್ಟ.

ಹುದ್ದೆ ಕುಷ್ಟಗಿ ಕಡೆಯ ಸಿದ್ದೇಶ ಅನ್ನೋ ಹುಡುಗನಿಗೆ ಆತು. ದೊಡ್ಡ ಪದವಿ ಓದ್ಯಾನ, ಕೆಟ್ಟಾವಲ್ಲ. ಬಂದ ಮೂರನೇ ದಿನ ಆಕಿ ಹತ್ರನ ಬಂದ. "ಅಕ್ಕಾರ, ಹಾಜರಿ ಲೆಕ್ಕ ಎಲ್ಲಿ ಮಾಡ್ತೈತ್ರಿ ಇದು? ಎಷ್ಟು ಹುಡುಕಿದ್ರೂ ಸಿಗವಲ್ದು." ಆಕಿ ತೋರಿಸಿದ್ಲು. ನಾಕನೇ ದಿನಾನೂ ಬಂದ. ತೋರಿಸಿದ್ಲು.

ಒಂದು ಸೋಮವಾರ ಹಾಲೇಶ ಸರ್ ಕಾರ್ಡು ಬರದು ಸುತಳಿಗೆ ತಾವ ಹಾಕಿ ಹೋದ್ರು. "ಪ್ರೋಗ್ರಾಮಿನ ಮೊದಲನೇ ಪುಟದ ಕೆಳಗ ಹೆಸರು ಹಾಕೂದು: ವಿನ್ಯಾಸ, ಡಾ. ಹಾಲೇಶ." ಕೆಳಗ ಸಹಿ.

ಸುತಳಿ ಮ್ಯಾಲೆ ಅದಕ್ಕಿಂತ ಮುಂದ ಎರಡು ಕಾರ್ಡು ಇದ್ವು. ಆಕಿ ಅವನ್ನ ಮುಗಿಸಿದ್ಲು. ಬುಧವಾರ ಇದ್ರ ಪಾಳಿ ಬಂತು. ಹತ್ತು ನಿಮಿಷದ ಕೆಲಸ. ಎಷ್ಟು ದೊಡ್ಡ ಅಕ್ಷರ ಅಂತ ಕಾರ್ಡಿನ್ಯಾಗ ಬರದಿರ್ಲಿಲ್ಲ. ಸಣ್ಣದ ಹಾಕಿದ್ಲು. ಸಂಜಿಕ ಸರ್ ಬಂದು ದೊಡ್ಡದು ಮಾಡಾಕ ಹೇಳಿದ್ರು. ದೊಡ್ಡದು ಮಾಡಿದ್ಲು.

"ಕಾರ್ಡು ಕೊಡಲಿಲ್ಲಲ್ಲ?" ಅಂದ್ರು ಸರ್.

"ಇದೊಂದು ನನ್ನ ಹತ್ರ ಇರ್ಲಿ ಬಿಡ್ರಿ."

"ಇಟ್ಕೋ ಇಟ್ಕೋ. ಏನ್ ಮಾಡ್ತಿ ಅದನ್ನ?"

ಆಕಿಗೂ ಗೊತ್ತಿರ್ಲಿಲ್ಲ. ಹೆಸರು ಹಾಕು ಅಂದಾವ್ರು ಬ್ಯಾರೆ, ಹಾಕಿದಾಕಿ ಬ್ಯಾರೆ ಅನ್ನೂದಕ್ಕ ಅದೊಂದ ಪುರಾವೆ. ಈಗ ಅದನ್ನ ಕೇಳಾವ್ರು ಯಾರೂ ಉಳದಿರ್ಲಿಲ್ಲ.

ಶನಿವಾರ ಕುಕನೂರಿಗೆ ಹೋದ್ಲು. ಪ್ರೆಸ್ ಬಂದ್ ಆಗಿ ಐದು ವರ್ಷ ಆಗೈತಿ. ಈಗ ಲಗ್ನಪತ್ರಿಕಿ ಎಲ್ಲಾ ಮೊಬೈಲಿನ್ಯಾಗ ಬರ್ತಾವು. ದೇವೇಂದ್ರಪ್ಪಗ ಕಣ್ಣು ಮಬ್ಬಾಗ್ಯಾವು. ಚೀಲದಾಗಿಂದ ಊಟದ ಡಬ್ಬಿ ತಗಿಯೂ ಮುಂದ ಹಾಲೇಶ ಸರ್ ಬರದ ಆ ಕಾರ್ಡು ನೆಲಕ್ಕ ಬಿತ್ತು. ಅವ ಎತ್ತಿಕೊಂಡ, ಕಣ್ಣಿಗೆ ಹಚ್ಚಿ ಹಿಡದ. ಹೆಬ್ಬೆರಳಿಲೆ ಕೆಳಗಿನ ಮೂಲಿ ಹುಡುಕಿದ.

"ನಮ್ಮ ಪ್ರೆಸ್ಸಿಂದ ಇದು" ಅಂದ. ಮಾರಿ ಅರಳಿತು. "ಇನ್ನಾ ಬಳಸ್ತಾರೇನವಾ ನಿಮ್ಮ ಕಾಲೇಜಿನ್ಯಾಗ?"

"ಹೂಂ, ಬಳಸ್ತಾರ."

"ಹೆಸರು ಹಂಗ ಐತಲ್ಲ. ಹುಡುಕಿದವರಿಗೆ ಕಾಣ್ತೈತಿ."

"ಕಾಣ್ತೈತಪಾ."

ಅವ ಕಾರ್ಡು ತಿರುವಿ ಆ ಮಗ್ಗಲು ನೋಡಿದ. ಪೆನ್ನಿನ ಅಕ್ಷರ ಅವಗ ಕಾಣಂಗಿಲ್ಲ.

"ಈ ಕಡೆ ಏನರ ಬರದಾರೇನು?"

"ಏನಿಲ್ಲಪಾ" ಅಂದ್ಲು ಮಲ್ಲೇಶ್ವರಿ. "ಖಾಲಿ ಐತಿ."