ಹತ್ತಿ ಬರುವ ಹಾದಿ

ಮಾಮಾನ ಬಲಗೈಗೆ ಮೊಣಕೈವರೆಗೂ ಹತ್ತಿಯ ಎಳೆ ಅಂಟಿರುತ್ತಿತ್ತು. ಹತ್ತಿ ತುಂಬಿದ ಅಂಡಿಗೆ ಚೀಲ ಕಂಡರೆ ತೋಳು ತುರುಕಿ ತಳದ ಹತ್ತಿ ಹಿರಿದು ನೋಡುವುದು ಅವನ ಕಸುಬು. ಊಟಕ್ಕೆ ಕೂತಾಗ ಅವ್ವ ಆ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ, “ಅಣ್ಣಾ, ಅರ್ಧ ಸೇರು ಹತ್ತಿ ಮೈಮ್ಯಾಲೇ ತಂದೀಯಲ್ಲಪಾ” ಎಂದು ನಗುತ್ತಿದ್ದಳು.

ಅವನು ನನ್ನ ಸೋದರಮಾವ, ಸೊಲ್ಲಾಪುರದ ಹತ್ತಿ ವ್ಯಾಪಾರದ ಪೇಢಿಯೊಂದರ ಮುನೀಮ. ಅಫಜಲಪುರ, ಜೇವರ್ಗಿ, ಆಳಂದ ಎಂದು ವರ್ಷವೆಲ್ಲ ಸುತ್ತುತ್ತಿದ್ದ. ಯಾವ ಊರಿಗೆ ದುಡ್ಡು ಹಾಕಬೇಕು, ಯಾವ ಊರಿಗೆ ಬೇಡ ಎಂಬುದನ್ನು ಪೇಢಿಯ ಧಣಿಗಳು ಅವನ ಮಾತಿನ ಮೇಲೆ ಗೊತ್ತು ಮಾಡುತ್ತಿದ್ದರು. ಅವನಿಗೆ ಇಬ್ಬರು ತಂಗಿಯರು. ದೊಡ್ಡವ್ವನನ್ನು ಆಳಂದಕ್ಕೆ ಕೊಟ್ಟಿದ್ದರು, ಅವ್ವನನ್ನು ಭೀಮೆಯ ದಂಡೆಯ ಮಣ್ಣೂರಿಗೆ. ದೊಡ್ಡವ್ವನ ಮಗಳಿಗೂ ನನಗೂ ಮಾಮಾ ಒಂದೇ ಥಾನಿನ ಬಟ್ಟೆ ಹರಿಸಿಕೊಂಡು ತರುತ್ತಿದ್ದ. ಆದರೂ ನಾನು ಅವಳ ಲಂಗದ ಅಂಚು ಎಳೆದು ನನ್ನದಕ್ಕೆ ಹಿಡಿದು ನೋಡುತ್ತಿದ್ದೆ. ಹೊಟ್ಟೆಕಿಚ್ಚು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಾನು ಹನ್ನೊಂದರವಳಿದ್ದಾಗ, ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯೊಂದನ್ನು ನಮ್ಮ ಸೀಮೆಯಲ್ಲಿ ಹಾಕಲು ಪೇಢಿ ಹೊರಟಿತು. ಆಳಂದಕ್ಕೋ ಮಣ್ಣೂರಿಗೋ, ಮಾಮಾ ಹೇಳಬೇಕು. ಗಿರಣಿ ಬಂದರೆ ಅಪ್ಪ ದೂರದ ಪೇಟೆಗೆ ಗಾಡಿ ಹೊಡೆಯುವುದು ತಪ್ಪುತ್ತದೆ, ಅದರ ಹಿಂದೆ ಅಂಗಡಿ ಬರುತ್ತವೆ, ಸಾಲೆ ಬರುತ್ತದೆ. ಮಾಮಾ ಬೇಕೆಂದೇ ಮಳೆಗಾಲದಲ್ಲಿ ಬಂದ. “ಬ್ಯಾಸಗ್ಯಾಗ ಎಲ್ಲಾ ಊರೂ ಛಲೋನ ಕಾಣ್ತಾವ” ಅನ್ನುವವನು ಅವನು. ಕರಜಗಿ ಕಡೆಯಿಂದ ಬರುತ್ತಾನೆಂದು ಮೊದಲೇ ಗೊತ್ತಿದ್ದರಿಂದ, ಊರಿಗೆ ಊರೇ ಸೇರಿ ಆ ರಸ್ತೆಗೆ ಗರಸು ಹೊಯ್ದು, ಗುದ್ದಿ, ಅಂಗಳದಂತೆ ಮಾಡಿತು. ನಾನೂ ನನ್ನ ಪುಟ್ಟ ತಂಗಿಯೂ ಬುಟ್ಟಿ ಹೊತ್ತೆವು. ಮಾಮಾನ ಗಾಡಿ ಕುಲುಕದೆ ಬಂತು. ಅವನು ಇಳಿದು, ಕೈಯಲ್ಲಿನ ಬೆತ್ತ ತಿರುವುತ್ತ, “ನಾ ಬರೂ ಹಾದಿ ನೋಡಿದೆ. ಈಗ ಹತ್ತಿ ಬರೂ ಹಾದಿ ತೋರಸ್ರಿ” ಎಂದ.

ಹೊಲದ ಹಾದಿ ಯಾರ ತಲೆಗೂ ಹೊಳೆದಿರಲಿಲ್ಲ! ಅಲ್ಲಿಯ ಎರೆಮಣ್ಣಿನಲ್ಲಿ ಮಾಮಾ ಊರಿದ ಬೆತ್ತ ಹಿಡಿಕೆಯವರೆಗೆ ಇಳಿಯಿತು.

“ತುಂಬಿದ ಗಾಡಿ ಇಲ್ಲಿ ಸಿಕ್ಕೊಂಡು ಎರಡು ದಿನಾ ಮಳ್ಯಾಗ ನಿಂತ್ರ ಹತ್ತೀನೂ ಹೋತು, ಪೇಢಿ ರೊಕ್ಕಾನೂ ಹೋತು. ರೊಕ್ಕದ ಕಾಲು ಭಾಳ ನಾಜೂಕರಿ, ರಾಡ್ಯಾಗ ಇಳಿಯೂದಿಲ್ಲ.”

“ರಸ್ತಾ ಮಾಡಾಕ ರೊಕ್ಕ ಬೇಕಲ್ರಿ?” ಎಂದ ಅಪ್ಪ. “ಅದು ಮೊದಲ ಬರಬೇಕಲ್ರಿ?”

ಮಾಮಾ ಎರೆಮಣ್ಣಿನಿಂದ ಬೆತ್ತ ಕಿತ್ತುಕೊಂಡ. ಮನೆಗೆ ಬಂದು ಬಹಳ ಹೊತ್ತು ಕಾಲು ತೊಳೆದುಕೊಂಡ. ಅವ್ವ ಎಣ್ಣೆಗಾಯಿ ಬಡಿಸಿದಳು, ಆದರೆ ಆ ದಿನ ಅವನ ಹತ್ತಿರ ಕೂರಲಿಲ್ಲ.

ಗಿರಣಿ ಆಳಂದಕ್ಕೆ ಹೋಯಿತು. ಅದರ ಬೆನ್ನಿಗೆ ದಲಾಲಿ ಅಂಗಡಿ, ದರ್ಜಿ, ಖಾನಾವಳಿ, ಕೊನೆಗೆ ಹೆಣ್ಣುಮಕ್ಕಳ ಸಾಲೆ. ದೊಡ್ಡವ್ವನ ಮಗಳು ನಮ್ಮಲ್ಲಿಗೆ ಬಂದಾಗಲೆಲ್ಲ ಗಿರಣಿ ಹೇಗೆ ಸೀಟಿ ಹೊಡೆಯುತ್ತದೆಂದು ಬಾಯಿಂದ ಊದಿ ತೋರಿಸುವಳು. ಒಂದು ಸಲ ನನಗೆ ತಡೆಯಲಾಗಲಿಲ್ಲ. ಮಾಮಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅವನಿಗೆ ಕೇಳಲೆಂದೇ ಅವಳಿಗೆ, “ಹೋಗಬೇ, ನಿಮ್ಮ ಮಾಮಾ ಬಂದಾನ” ಎಂದೆ. ಅವನು ತಲೆ ಎತ್ತಿ ನೋಡಿದ, ಏನೂ ಅನ್ನಲಿಲ್ಲ. ಅಂದೂ ಒಂದೇ ಥಾನಿನ ಬಟ್ಟೆ ತಂದಿದ್ದ. ನನ್ನ ಪಾಲನ್ನು ನಾನು ಮುಟ್ಟಲಿಲ್ಲ.

ಐದಾರು ವರ್ಷದ ಮೇಲೆ ಮಾಮಾನೇ ನನಗೆ ಗಂಡು ಹುಡುಕಿದ, ಅದೇ ಗಿರಣಿಯ ಎಂಜಿನ್ ನೋಡಿಕೊಳ್ಳುವವನನ್ನು. “ಗಿರಣಿ ನಿಮ್ಮೂರಿಗೆ ತರಾಕ ಆಗಲಿಲ್ಲವಾ. ನಿನ್ನ ಗಿರಣಿ ಇದ್ದೂರಿಗೆ ಒಯ್ತೇನಿ” ಎಂದ. ಬೀಗುತ್ತಲೇ ಆಳಂದಕ್ಕೆ ಬಂದೆ. ಬಂದ ಮೇಲೆ ನನ್ನ ಹೊಟ್ಟೆಕಿಚ್ಚು ಸೊಲ್ಲಾಪುರದ ಕಡೆ ಹೊರಳಿತು. ನಮ್ಮ ಅರಳೆಯೆಲ್ಲ ಅಲ್ಲಿಗೆ ಹೋಗಿ, ಮಾಮಾನ ಗಂಟಿನಲ್ಲಿ ಬಟ್ಟೆಯಾಗಿ ತಿರುಗಿ ಬರುತ್ತಿತ್ತು. ನನ್ನ ತಂಗಿಯನ್ನು ಮಾತ್ರ ಮಣ್ಣೂರಿಗೇ ಕೊಟ್ಟರು. ಸುಗ್ಗಿಯಲ್ಲಿ ಅಪ್ಪ ಅಲ್ಲಿಂದ ಎರಡು ದಿನ ಗಾಡಿ ಹೊಡೆದು ಬಂದು ಗಿರಣಿಯ ಮುಂದೆ ಸರದಿ ಕಾಯುತ್ತಿದ್ದ. ಕರೆದರೂ ನನ್ನ ಮನೆಗೆ ಊಟಕ್ಕೆ ಬರುತ್ತಿರಲಿಲ್ಲ, ಗಾಡಿಯ ನೆರಳಲ್ಲೇ ಬುತ್ತಿ ಬಿಚ್ಚುತ್ತಿದ್ದ.

ಮಾಮಾ ತೀರಿಕೊಂಡದ್ದು ನನ್ನ ಮನೆಯಲ್ಲಿ. ಶ್ರಾವಣದ ಮಳೆಯಲ್ಲಿ ಊರು ನೋಡಲು ಬಂದವನು ಜ್ವರ ಹಿಡಿದು ಮಲಗಿದ, ಮತ್ತೆ ಏಳಲಿಲ್ಲ. ಹತ್ತಿಯ ಕಾಲವಾಗಿರಲಿಲ್ಲ, ಬಲಗೈ ಬರಿದಾಗಿತ್ತು. ಅವ್ವ, ಅಪ್ಪ ಅಷ್ಟೊತ್ತಿಗೆ ಇರಲಿಲ್ಲ, ತಂಗಿಗೆ ತಿಳಿಸಲು ಮಣ್ಣೂರಿಗೆ ಆಳು ಕಳಿಸಿದೆವು. ಗರಸು ಹೊಯ್ದಿದ್ದ ಆ ರಸ್ತೆ ಎಂದೋ ಕೊಚ್ಚಿಹೋಗಿತ್ತು. ತಂಗಿಯ ಗಾಡಿ ಅಲ್ಲೇ ಹುಗಿದುಕೊಂಡಿತಂತೆ. ಅವಳು ಬರುವಷ್ಟರಲ್ಲಿ ಮಣ್ಣು ಕೊಟ್ಟು ಒಂದು ದಿನವಾಗಿತ್ತು.

ಅವಳ ಮೊಣಕಾಲವರೆಗೆ ರಾಡಿ. ನಾನು ಕೊಡದಲ್ಲಿ ನೀರು ತಂದೆ. ಅವಳು ಕಾಲು ಒಡ್ಡಲಿಲ್ಲ. ನನ್ನ ಹಂಚಿನ ಮನೆಯನ್ನು, ಅದರಾಚೆಯ ಗಿರಣಿಯ ಚಿಮಣಿಯನ್ನು ಒಮ್ಮೆ ನೋಡಿದಳು.

“ಮಾರೀನೂ ನೋಡಾಕ ಸಿಗಲಿಲ್ಲ. ಹೋದನೇನಕ್ಕಾ, ನಿಮ್ಮ ಮಾಮಾ?”

“ನಮ್ಮ ಮಾಮಾ ಅನ್ನವಾ” ಎಂದು ತಿದ್ದಬೇಕೆಂದುಕೊಂಡೆ. ಬಾಯಿ ಬರಲಿಲ್ಲ. ಅಂದು ಬಾಗಿಲಲ್ಲಿ ನನ್ನಿಂದ ಅದೇ ಮಾತು ಕೇಳಿಯೂ ಮಾಮಾ ಏಕೆ ಏನೂ ಅನ್ನಲಿಲ್ಲವೆಂದು ಆಗ ಗೊತ್ತಾಯಿತು. ಕೊಡ ಹಿಡಿದುಕೊಂಡು ಹಾಗೇ ನಿಂತಿದ್ದೆ.