ಕೇಳಿದ ಮೇಲೆ ಕಾಯಬೇಕು

ನಮ್ಮ ಅಡುಗೆಮನೆಯಲ್ಲಿ ಒಂದು ಹಿತ್ತಾಳೆ ಚೊಂಬಿದೆ. ಕಂಠ ಸೊಟ್ಟಗಾಗಿ, ಹೊಟ್ಟೆ ತಗ್ಗಾಗಿ, ಹಳೇ ಪಾತ್ರೆಯವನು ಬಂದಾಗಲೆಲ್ಲ ಆಸೆಗಣ್ಣಿನಿಂದ ನೋಡಿದರೂ ಕೊಡಲು ಮನಸ್ಸು ಬಾರದಂಥದ್ದು. ಕಣಕಟ್ಟೆಯ ನಮ್ಮತ್ತೆ ಹರಕೆಯ ಕುರಿಗೆ ನೀರೆರೆಯುತ್ತಿದ್ದುದು ಇದರಲ್ಲೇ.

ನಿಮಗೂ ಗೊತ್ತಿರಬಹುದು, ನಮ್ಮ ಕಡೆ ಕಡಿಯುವ ಮೊದಲು ಪ್ರಾಣಿಯನ್ನು ಒಂದು ಮಾತು ಕೇಳುತ್ತೇವೆ. ಬೆನ್ನಿನ ಮೇಲೆ ನೀರು ಹಾಕಿ ಕಾಯುವುದು. ಅದು ಮೈ ಕೊಡವಿದರೆ ಒಪ್ಪಿತೆಂದು ಅರ್ಥ. ಒದ್ದೆಯಾದ ಮೈಯನ್ನು ಯಾವ ಪ್ರಾಣಿ ತಾನೇ ಕೊಡವದೆ ಬಿಟ್ಟೀತು? ಇದೆಂಥ ಜಾಣ ಪ್ರಶ್ನೆಯೆಂದು ನಾನು ನಗುತ್ತಿದ್ದೆ. ನಕ್ಕು, ಬಾಡಿನ ಸಾರಿಗೆ ತಟ್ಟೆಯೊಡ್ಡುತ್ತಿದ್ದೆ.

ನನ್ನ ಮಗಳು ಜ್ವರದಿಂದ ಮಲಗಿದ್ದಾಗ ಅತ್ತೆ ಊರಮ್ಮನಿಗೆ ಟಗರಿನ ಹರಕೆ ಹೊತ್ತರು. ಮಗು ಚೇತರಿಸಿಕೊಂಡು ಓಡಾಡುವ ಹೊತ್ತಿಗೆ ಟಗರೂ ಅತ್ತೆಯ ಸೆರಗಿನ ಹಿಂದೆಯೇ ಓಡಾಡುವಂತಾಗಿತ್ತು. ಹರಕೆಯ ದಿನ ಅದನ್ನು ತೆಂಗಿನ ತೋಟದಲ್ಲಿ ನಿಲ್ಲಿಸಿ ನೀರೆರೆದರು. ಕೊಡವಲಿಲ್ಲ. ಮತ್ತೆ ಎರೆದರು. ಹನಿ ತೊಟ್ಟಿಕ್ಕುತ್ತಿದ್ದರೂ ಅತ್ತೆಯ ಮುಖವನ್ನೇ ನೋಡುತ್ತ ನಿಂತಿತು. ಒಲೆ ಹೊತ್ತಿತ್ತು, ಮಸಾಲೆ ರುಬ್ಬಿಯಾಗಿತ್ತು, ನೆಂಟರ ಹೊಟ್ಟೆ ತಾಳ ಹಾಕುತ್ತಿತ್ತು.

"ಕಿವಿಗೊಂದ್ ತೊಟ್ಟು ಬಿಡಕ್ಕಾ, ತಾನೇ ಕೊಡವ್ತೈತೆ," ಎಂದರು ಅತ್ತೆಯ ತಮ್ಮ.

"ಬ್ಯಾಡ ಕಣ್ಲಾ. ಕೇಳಿದ್ ಮ್ಯಾಲೆ ಕಾಯ್ಬೇಕು. ಬಾಯಿಲ್ಲದ ಜೀವ, ಹಿಂಗಲ್ದೆ ಇನ್ಹೆಂಗೆ ಬ್ಯಾಡ ಅಂದಾತು?"

"ಹರಕೆ ಉಳ್ದು ಮಗೀಗೆ ಏನಾರ ಆದ್ರೆ?"

ಅಷ್ಟು ವರ್ಷ ನಕ್ಕವಳೇ, ಒಮ್ಮೆ ಕೊಡವಿಬಿಡಪ್ಪಾ ಎಂದು ಆ ಟಗರನ್ನು ಒಳಗೊಳಗೇ ಬೇಡಿಕೊಂಡೆ. ಅತ್ತೆ ಮಾತ್ರ ಬಹಳ ಹೊತ್ತು ನಿಂತು, ಕೊನೆಗೆ ಹಗ್ಗ ಬಿಚ್ಚಿದರು. "ಊರಮ್ಮನೂ ಮಕ್ಕಳ್ನ ಸಾಕಿದೋಳೇ, ಅವಳ್ಗೆ ಗೊತ್ತಾಗ್ತೈತೆ," ಎಂದು ತೆಂಗಿನಕಾಯಿ ಒಡೆದು ಕೈ ಮುಗಿದರು.

ಆದರೆ ನೆಂಟರನ್ನು ಉಪವಾಸ ಕಳಿಸಲಾದೀತೇ? ಅರಸೀಕೆರೆಯಿಂದ ಕೋಳಿ ಬಂತು, ಕಪ್ಪು ಚೀಲದಲ್ಲಿ, ತುಂಡುತುಂಡಾಗಿಯೇ. ಎಲ್ಲರೂ ಉಂಡೆವು, ಅತ್ತೆಯೂ ಉಂಡರು. ಈ ಕೋಳಿಯ ಒಪ್ಪಿಗೆಯನ್ನು ಯಾರು ಕೇಳಿದ್ದರು ಎಂಬ ಮಾತು ನನ್ನ ಗಂಟಲಿನವರೆಗೆ ಬಂದು, ಮುದ್ದೆಯ ತುತ್ತಿನೊಂದಿಗೆ ಹಾಗೇ ಇಳಿದುಹೋಯಿತು. ಹಿತ್ತಿಲಲ್ಲಿ ಟಗರು ಹುಲ್ಲು ಮೇಯುತ್ತಿತ್ತು.

ಮಗಳಿಗೆ ಏನೂ ಆಗಲಿಲ್ಲ. ಟಗರು ಮುದಿಯಾಗಿ ಸತ್ತಿತು. ಅತ್ತೆಯೂ ಹೋದರು, ಚೊಂಬು ನನ್ನ ಪಾಲಿಗೆ ಬಂತು. ಬಾಡು ತಿನ್ನುವುದನ್ನು ನಾನು ಬಿಟ್ಟಿಲ್ಲ. ಬಿಟ್ಟವರನ್ನು ಕಂಡರೆ ಗೌರವವಿದೆ, ಬಿಡದವರ ಮೇಲೆ ಜಗಳವಿಲ್ಲ. ಆದರೆ ಭಾನುವಾರ ಅಂಗಡಿಯಿಂದ ತಂದದ್ದನ್ನು ತೊಳೆಯಲು ಈ ಸೊಟ್ಟ ಚೊಂಬನ್ನೇ ಎತ್ತಿಕೊಳ್ಳುತ್ತೇನೆ. ನೀರು ಸುರಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ, ಕೇಳಿದ ಮೇಲೆ ಕಾಯಬೇಕಲ್ಲ. ಬೋಗುಣಿಯಲ್ಲಿ ಏನೂ ಅಲುಗುವುದಿಲ್ಲ.